ಮೂರು ಗಂಟೆ ನಿದ್ದೆಗೆ ಒಂದು ಲಾಡ್ಜ್

ಮಾಮೂಲಿ ಲೆಕ್ಕದಲ್ಲಿ ಈ ಲಾಡ್ಜಿಗೆ ಐದಕ್ಕೆ ಎರಡು ಸ್ಟಾರ್ ಕೊಟ್ಟರೆ ಅದೇ ಜಾಸ್ತಿ. ಹಾಸಿಗೆ ಮಧ್ಯದಲ್ಲಿ ತಗ್ಗು ಬಿದ್ದಿದೆ, ಟವೆಲ್ ಸೊಳ್ಳೆಪರದೆ ಥರ ತೆಳುವಾಗಿದೆ, ಫ್ಯಾನು ಮೂರನೇ ನಂಬರಿಗೆ ಹೋದರೆ ಕಟಕಟ ಶುರು ಮಾಡುತ್ತದೆ, ಬಾತ್‌ರೂಮಿನ ಕನ್ನಡಿಯಲ್ಲಿ ಮುಖ ಕಾಣಬೇಕಾದರೆ ಮಂಡಿ ಬಗ್ಗಿಸಬೇಕು. ಆದರೆ ನಾವು ಅಲ್ಲಿಗೆ ಹೋಗಿದ್ದು ಬೆಳಗ್ಗೆ 5ಕ್ಕೆ ಹೊರಟು 340 ಕಿಲೋಮೀಟರ್ ಸೈಕಲ್ ತುಳಿದ ಮೇಲೆ, ರಾತ್ರಿ 11:40ಕ್ಕೆ. ಬಿಟ್ಟಿದ್ದು ಬೆಳಗಿನ ಜಾವ 4ಕ್ಕೆ. ಹಾಗೆ ಬಂದು ಹಾಗೆ ಹೋಗುವವರ ಲೆಕ್ಕವೇ ಬೇರೆ. ಆ ಲೆಕ್ಕದಲ್ಲಿ ನಾಲ್ಕು ಕೊಡುತ್ತೇನೆ. ಐದೇ ಕೊಡ್ತಿದ್ದೆ, ಕರೆಂಟಿನ ವಿಷಯಕ್ಕೆ ಒಂದು ಕಿತ್ತುಕೊಂಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ, ಈಗಲೇ ಶುರು ಮಾಡಿದರೆ ಬರೀ ಬೈಗುಳವೇ ಆಗಿಬಿಡುತ್ತದೆ.

ಲಾಡ್ಜಿನ ಹೆಸರು, ಊರಿನ ಹೆಸರು ಎರಡನ್ನೂ ಬರೆಯುತ್ತಿಲ್ಲ. ದೂರು ಇರುವುದು ಮಾಲೀಕರ ಮೇಲೆ, ಆದರೆ ಬೈಸಿಕೊಳ್ಳುವುದು ರಾತ್ರಿ ಪಾಳಿಯ ಮನುಷ್ಯ. ಆ ಮನುಷ್ಯನಿಗೆ ನನ್ನಿಂದ ತೊಂದರೆ ಆಗಬಾರದು. ಮತ್ತೆ ಇಂಥ ಊರು, ಇಂಥ ಲಾಡ್ಜು ಉದ್ದ ಸೈಕಲ್ ಸವಾರಿ ಮಾಡುವವರಿಗೆಲ್ಲ ಒಂದಲ್ಲ ಒಂದು ರಾತ್ರಿ ಸಿಕ್ಕೇ ಸಿಗುತ್ತದೆ. ಹೆಸರಿಲ್ಲದಿದ್ದರೂ ಗುರುತು ಹಿಡಿಯುತ್ತೀರಿ.

ನಾವು ಮಾಡುತ್ತಿದ್ದುದು 600 ಕಿಲೋಮೀಟರ್ ಬ್ರೆವೆ. ಗೊತ್ತಿಲ್ಲದವರಿಗೆ ಎರಡು ಮಾತು: ಇದು ರೇಸ್ ಅಲ್ಲ, ಮೊದಲು ಬಂದವರಿಗೆ ಬಹುಮಾನವೂ ಇಲ್ಲ, ಕೊಟ್ಟ ಸಮಯದೊಳಗೆ ಮುಗಿಸಬೇಕು ಅಷ್ಟೇ. 200ಕ್ಕೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಈ ನಾಲ್ಕನ್ನೂ ಒಂದೇ ವರ್ಷದಲ್ಲಿ ಮುಗಿಸಿದರೆ ಸೂಪರ್ ರಾಂಡನರ್ ಅನ್ನುತ್ತಾರೆ. 600ರ ಲೆಕ್ಕ ಸುಲಭ, ಗಂಟೆಗೆ 15 ಕಿಲೋಮೀಟರ್. ಓ ಇಷ್ಟೇನಾ ಅನಿಸುತ್ತದೆ ಅಲ್ವಾ? ಊಟ, ಪಂಕ್ಚರ್, ನಿದ್ದೆ, ದಾರಿ ತಪ್ಪಿದ್ದು, ಮರದ ಕೆಳಗೆ ಸುಮ್ನೆ ಕೂತಿದ್ದು ಎಲ್ಲ ಆ 15ರೊಳಗೇ ಬರಬೇಕು. ಗಡಿಯಾರ ಯಾವುದಕ್ಕೂ ನಿಲ್ಲುವುದಿಲ್ಲ. ನಡುವೆ ಕಂಟ್ರೋಲ್ ಅಂತ ಹಾಜರಿ ಹಾಕಿಸುವ ಜಾಗಗಳಿರುತ್ತವೆ, ಪ್ರತಿಯೊಂದಕ್ಕೂ ಬಾಗಿಲು ಮುಚ್ಚುವ ಸಮಯ ಇರುತ್ತದೆ. ನಮ್ಮ 340ನೇ ಕಿಲೋಮೀಟರಿನ ಕಂಟ್ರೋಲ್ ಮುಚ್ಚುವುದು ಬೆಳಗಿನ ಜಾವ 3:40ಕ್ಕೆ. ನಾವು ತಲುಪಿದ್ದು ನಾಲ್ಕು ಗಂಟೆ ಮೊದಲು. ಆ ನಾಲ್ಕು ಗಂಟೆಯೇ ನಮ್ಮ ಉಳಿತಾಯ. ಅದನ್ನು ಎಲ್ಲಿ ಖರ್ಚು ಮಾಡಬೇಕು ಅನ್ನುವುದೇ ಪ್ರಶ್ನೆ.

ಕೆಲವರು ನಿದ್ದೆ ಮಾಡುವುದೇ ಇಲ್ಲ. ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ವಾಪಸ್ ಬರುವ 1200 ಕಿಲೋಮೀಟರ್ ಸವಾರಿ 1891ರಲ್ಲಿ ಮೊದಲ ಸಲ ನಡೆದಾಗ ಗೆದ್ದ ಶಾರ್ಲ್ ಟೆರೋಂ 71 ಗಂಟೆ 22 ನಿಮಿಷ ತೆಗೆದುಕೊಂಡಿದ್ದ, ನಿದ್ದೆಯನ್ನೇ ಮಾಡಿರಲಿಲ್ಲವಂತೆ. ನನಗೆ ಅದು ಆಗದ ಮಾತು. ರಾತ್ರಿ 2ರಿಂದ 4ರ ನಡುವೆ ಕಣ್ಣು ತೆರೆದಿದ್ದಂತೆಯೇ ಒಂದೆರಡು ಸೆಕೆಂಡ್ ಮೆದುಳು ಆಫ್ ಆಗುತ್ತದೆ. ನಡೆಯುವಾಗ ಆದರೆ ಮುಗ್ಗರಿಸುತ್ತೀರಿ, ಇಳಿಜಾರಲ್ಲಿ ಸೈಕಲ್ ಮೇಲೆ ಆದರೆ ಎದ್ದು ಬರುವುದು ಗ್ಯಾರಂಟಿ ಇಲ್ಲ. ಹಿಂದಿನ ಸಲ 400ರಲ್ಲಿ ರಸ್ತೆ ಪಕ್ಕದ ಬಿಳಿ ಗೆರೆ ಎರಡಾಗಿ ಕಂಡಿತ್ತು. ಆವತ್ತೇ ನಿರ್ಧಾರ ಮಾಡಿದ್ದೆ, 600ಕ್ಕೆ ಹಾಸಿಗೆ ಬೇಕೇ ಬೇಕು ಅಂತ. ಬಸ್ ನಿಲ್ದಾಣದ ಬೆಂಚು, ಪೆಟ್ರೋಲ್ ಬಂಕಿನ ಕಟ್ಟೆ ಬೇಡ.

ಹಾಗಾಗಿ ಒಂದು ವಾರ ಮೊದಲೇ ಫೋನ್ ಮಾಡಿ ರೂಮ್ ಹೇಳಿದ್ದೆ. ನೆಲಮಹಡಿ ಬೇಕು ಅಂದಿದ್ದೆ. ಆಯ್ತು ಸರ್ ಅಂದಿದ್ದರು. ಹೋದರೆ ಎರಡನೇ ಮಹಡಿ, 204. ಕೆಳಗಿನ ರೂಮ್ ಸಂಜೆಯೇ ಬೇರೆಯವರಿಗೆ ಕೊಟ್ಟಾಗಿತ್ತು. ಲಿಫ್ಟ್ ಇಲ್ಲ. ಇದಕ್ಕೆ ನಾನು ಸ್ಟಾರ್ ಕಿತ್ತುಕೊಂಡಿಲ್ಲ, ಯಾಕೆ ಅಂದರೆ ಬಾಗಿಲಲ್ಲಿ ನಡೆದ ಮಾತುಕತೆಗೆ ಅದು ಸರಿಹೋಯಿತು.

ಗೇಟು ಮುಚ್ಚಿತ್ತು. ಒಳಗೆ ಒಂದು ಬಲ್ಬು. ಬೆಲ್ ಒತ್ತೋಣ ಅಂದರೆ ಬೆಲ್ ಇಲ್ಲ, ಫೋನ್ ಮಾಡಿದೆ, ಕೌಂಟರ್ ಹಿಂದಿನಿಂದಲೇ ರಿಂಗ್ ಕೇಳಿಸಿತು, ಆಮೇಲೆ ಒಂದು ತಲೆ ಎದ್ದಿತು. ಐವತ್ತರ ಆಸುಪಾಸಿನ ಮನುಷ್ಯ, ಹೆಗಲ ಮೇಲೆ ಹೊದಿಕೆ. ಬೈಯುತ್ತಾರೆ ಅಂದುಕೊಂಡೆ. ಅವರು ನಮ್ಮನ್ನು ನೋಡದೆ ಮೊದಲು ಸೈಕಲ್ ನೋಡಿದರು. ರಿಜಿಸ್ಟರ್ ತೆಗೆದು ನನ್ನ ಕೈಗೆ ಪೆನ್ನು ಕೊಟ್ಟರೆ ನನಗೆ ಬರೆಯಲಿಕ್ಕೇ ಆಗಲಿಲ್ಲ. ಹ್ಯಾಂಡಲ್ ಮೇಲೆ ಭಾರ ಹಾಕಿ ಹಾಕಿ ಉಂಗುರದ ಬೆರಳು, ಕಿರುಬೆರಳು ಎರಡೂ ಜೋಮು ಹಿಡಿದಿದ್ದವು. ಅಂಗೈ ಬುಡದಲ್ಲಿ ಹೋಗುವ ನರ ಒತ್ತಿಹೋದರೆ ಸರಿಯಾಗಿ ಈ ಎರಡೇ ಬೆರಳಿಗೆ ಪೆಟ್ಟು, ಉದ್ದ ಸವಾರಿ ಮಾಡಿದವರಿಗೆ ಗೊತ್ತಿರುತ್ತದೆ. ಪೆನ್ನು ಎರಡು ಸಲ ಕೆಳಗೆ ಬಿತ್ತು. ಕೊನೆಗೆ ಅವರೇ ನನ್ನನ್ನು ಕೇಳಿ ಕೇಳಿ ಬರೆದುಕೊಂಡರು.

ಎಲ್ಲಿಂದ ಬಂದಿರಿ? ಹೇಳಿದೆ. ಎಲ್ಲಿಗೆ ಹೋಗ್ತೀರಿ? ಅದೇ ಊರಿನ ಹೆಸರು ಹೇಳಿದೆ.

ಪೆನ್ನು ನಿಂತಿತು. "ಅಲ್ಲಿಂದ ಬಂದು ಅಲ್ಲಿಗೇ ಹೋಗೋದಕ್ಕೆ ಇಲ್ಲಿಗೆ ಯಾಕೆ ಬಂದ್ರಿ?"

ನನ್ನ ಗೆಳೆಯ ಮೆಟ್ಟಿಲ ಮೇಲೆ ಕೂತು ನಕ್ಕ ನಗು ಇನ್ನೂ ಕಿವಿಯಲ್ಲಿದೆ. 340 ಕಿಲೋಮೀಟರ್ ಆದ ಮೇಲೆ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಹನ ಸಂಖ್ಯೆ ಅನ್ನುವ ಕಾಲಮ್ಮಿನಲ್ಲಿ ಅವರು 'ಸೈಕಲ್' ಅಂತ ಬರೆದು, ಅದರ ಕೆಳಗಿನ ಸಾಲಿನಲ್ಲಿ ಗೆಳೆಯನ ಹೆಸರಿನ ಮುಂದೆ ಎರಡು ಚುಕ್ಕಿ ಹಾಕಿದರು.

ಈಗ ಮುಖ್ಯ ವಿಷಯ. ಸೈಕಲ್ ಎಲ್ಲಿ ಇಡುವುದು? ಲಾಡ್ಜ್ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ನನ್ನ ಪಾಲಿಗೆ ಈ ಒಂದು ಪ್ರಶ್ನೆಯಲ್ಲಿ ಮುಕ್ಕಾಲು ತೀರ್ಮಾನ ಆಗಿಬಿಡುತ್ತದೆ. ದೊಡ್ಡ ದೊಡ್ಡ ಹೋಟೆಲ್‌ಗಳಲ್ಲಿ, ಎಲ್ಲ ನಗುನಗುತ್ತಾ, ಪಾರ್ಕಿಂಗ್‌ನಲ್ಲಿ ಇಡಿ ಸರ್, ಕ್ಯಾಮೆರಾ ಇದೆ ಅನ್ನುತ್ತಾರೆ. ಕ್ಯಾಮೆರಾ ಕಳ್ಳನ ಮುಖ ತೋರಿಸುತ್ತದೆ, ಸೈಕಲ್ ತಂದುಕೊಡುವುದಿಲ್ಲ. ಇಲ್ಲಿ ಆ ಮನುಷ್ಯ ಕೇಳುವ ಮೊದಲೇ, "ಮೇಲೆ ತಗೊಂಡು ಹೋಗಿ, ಕೆಳಗೆ ಬೇಡ" ಅಂದರು. ಹಳೇ ಪೇಪರ್ ಒಂದು ಕಟ್ಟು ಕೊಟ್ಟರು, ಚಕ್ರದ ಕೆಳಗೆ ಹಾಸಿ, ಗೋಡೆಗೆ ಒರಗಿಸಬೇಡಿ ಅಂತ. ಚೈನಿನ ಎಣ್ಣೆ ಗೋಡೆಗೆ ಹತ್ತಿದರೆ ಹೋಗುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಅಂದರೆ ನಮಗಿಂತ ಮೊದಲೂ ನಮ್ಮಂಥ ಹುಚ್ಚರು ಬಂದಿದ್ದಾರೆ.

ಮೆಟ್ಟಿಲು ಮಾತ್ರ ಕಷ್ಟ. ನನ್ನ ಶೂ ಕೆಳಗೆ ಪೆಡಲಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲೀಟ್, ಮೆಟ್ಟಿಲು ನುಣುಪು ಕಲ್ಲು, ಹೆಗಲ ಮೇಲೆ ಸೈಕಲ್, ಕಾಲಲ್ಲಿ ಬಲ ಇಲ್ಲ. ನಾಲ್ಕನೇ ಮೆಟ್ಟಿಲಲ್ಲೇ ಜಾರಿದೆ. ಶೂ ಬಿಚ್ಚಿ ಬರಿಗಾಲಲ್ಲಿ ಹತ್ತಿದೆ. ನೀವೂ ಹಾಗೇ ಮಾಡಿ, ಇಷ್ಟು ದೂರ ಬಿದ್ದಿಲ್ಲ ಅಂತ ಲಾಡ್ಜಿನ ಮೆಟ್ಟಿಲಲ್ಲಿ ಬಿದ್ದು ಸವಾರಿ ಮುಗಿಸಬೇಡಿ.

ರೂಮು ಚಿಕ್ಕದು. ಎರಡು ಮಂಚ, ನಡುವೆ ಎರಡು ಸೈಕಲ್ ನಿಲ್ಲಿಸಿದರೆ ಓಡಾಡಲು ಜಾಗ ಇಲ್ಲ. ಬಾತ್‌ರೂಮಿಗೆ ಹೋಗಬೇಕಾದರೆ ಗೆಳೆಯನ ಮಂಚದ ಮೇಲಿಂದ ದಾಟಬೇಕು. ಪರವಾಗಿಲ್ಲ. ಟ್ಯೂಬ್‌ಲೈಟ್ ಚೆನ್ನಾಗಿತ್ತು, ನಿಜವಾಗಿಯೂ ಚೆನ್ನಾಗಿತ್ತು, ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ ಆ ಬೆಳಕಲ್ಲಿ ಮಂಚದ ಮೇಲೆ ಕೂತು ಹಿಂದಿನ ಟೈರ್ ಮೇಲೆ ಹೆಬ್ಬೆರಳು ಆಡಿಸಿಕೊಂಡು ಹೋದಾಗ ಏನೋ ಚುಚ್ಚಿತು. ನೋಡಿದರೆ ಒಂದು ತಂತಿ ಚೂರು, ಕೂದಲಿನಷ್ಟು ಸಣ್ಣ. ಲಾರಿ ಟೈರ್ ಒಡೆದು ರಸ್ತೆ ಪಕ್ಕ ಚೂರುಚೂರಾಗಿ ಬಿದ್ದಿರುತ್ತದಲ್ಲ, ಅದರೊಳಗಿನ ಉಕ್ಕಿನ ತಂತಿ. ಇದು ಮೊಳೆಯ ಹಾಗೆ ಒಂದೇ ಸಲಕ್ಕೆ ಗಾಳಿ ತೆಗೆಯುವುದಿಲ್ಲ, ನಿಧಾನಕ್ಕೆ ಒಳಗೆ ಹೋಗುತ್ತಾ ಹೋಗುತ್ತಾ ಎಲ್ಲೋ ಕತ್ತಲಲ್ಲಿ ಟ್ಯೂಬ್ ಮುಟ್ಟುತ್ತದೆ. ಉಗುರಲ್ಲಿ ಬರಲಿಲ್ಲ. ಕೆಳಗೆ ಹೋಗಿ ಕೇಳಿದೆ, ಅವರು ಹೊದಿಕೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ ತೆಗೆದುಕೊಟ್ಟರು. ಒಂದು ನಿಮಿಷದ ಕೆಲಸ. ಸೈಕಲ್ ಕೆಳಗೆ ಕತ್ತಲಲ್ಲಿ ನಿಂತಿದ್ದರೆ ಇದನ್ನು ನೋಡುತ್ತಲೇ ಇರಲಿಲ್ಲ.

ನೀರು ಬಿಸಿ ಇತ್ತು. ಮಧ್ಯರಾತ್ರಿ, ಹೇಳದೆ ಕೇಳದೆ, ನಲ್ಲಿ ತಿರುಗಿಸಿದ ಕೂಡಲೇ ಬಿಸಿ. ಒಂದು ಬಕೆಟ್, ಒಂದು ಮಗ್. ಶವರ್ ಇತ್ತು, ಆದರೆ ಅದರಲ್ಲಿ ನೀರು ಮೂರು ದಿಕ್ಕಿಗೆ ಹೋಗುತ್ತಿತ್ತು, ನನ್ನ ಕಡೆಗೆ ಬಿಟ್ಟು. ಜರ್ಸಿ ಬೆನ್ನ ಮೇಲೆ ಉಪ್ಪು ಬಿಳಿ ಗೆರೆ ಕಟ್ಟಿ ನಕ್ಷೆ ಬಿಡಿಸಿದ ಹಾಗಿತ್ತು. ಸೋಪು ಚಿಕ್ಕದು, ಆದರೆ ಸೈಕಲ್ ಚಡ್ಡಿ ಒಗೆಯಲು ಸಾಕಾಯಿತು. ಇದನ್ನು ಸೋಮಾರಿತನ ಮಾಡಬೇಡಿ. ಚಡ್ಡಿಯೊಳಗಿನ, ಬೆವರು ಕುಡಿದ ಅದೇ ಪ್ಯಾಡಿನ ಮೇಲೆ ಇನ್ನೂ 260 ಕಿಲೋಮೀಟರ್ ಕೂತರೆ ಚರ್ಮ ಸುಲಿದು ಗುಳ್ಳೆ ಏಳುವುದು ಖಂಡಿತ. ಒಣಗಿಸುವುದು ಹೇಗೆ ಅಂದರೆ, ಒಣ ಟವೆಲ್ ಹಾಸಿ ಅದರ ಮೇಲೆ ಚಡ್ಡಿ ಇಟ್ಟು ಬಿಗಿಯಾಗಿ ಸುತ್ತಿ, ಆಮೇಲೆ ಅದರ ಮೇಲೆ ನಿಂತು ತುಳಿಯಬೇಕು. ಅರ್ಧ ನೀರು ಟವೆಲ್ ಕುಡಿಯುತ್ತದೆ, ಉಳಿದದ್ದು ಫ್ಯಾನ್ ಕೆಳಗೆ ಮೂರು ಗಂಟೆಯಲ್ಲಿ ಹೋಗುತ್ತದೆ. ನಾನು ಬೈದ ಆ ತೆಳು ಟವೆಲ್ ಇಲ್ಲಿ ಪೂರ್ತಿ ಸೋತಿತು. ಚಡ್ಡಿ ಬೆಳಗ್ಗೆ ಅರೆಒದ್ದೆಯೇ ಇತ್ತು. ಇನ್ನೊಂದು ಜೊತೆ ತಂದಿದ್ದಕ್ಕೆ ಬಚಾವ್.

ಪ್ಲಗ್ ಪಾಯಿಂಟ್ ಎರಡು. ಒಂದು ಟಿವಿ ಹಿಂದೆ, ಇನ್ನೊಂದು ಬಾಗಿಲ ಪಕ್ಕ. ಟಿವಿ ಪ್ಲಗ್ ಕಿತ್ತು ನನ್ನ ಹೆಡ್‌ಲೈಟ್ ಹಾಕಿದೆ, ಬಾಗಿಲ ಪಕ್ಕದಲ್ಲಿ ಪವರ್ ಬ್ಯಾಂಕ್, ಅದರ ಮೂಲಕ ಫೋನು. ಎಲ್ಲದರಲ್ಲೂ ದೀಪ ಮಿನುಗಿತು. ಎಲ್ಲ ಸರಿ ಅಂದುಕೊಂಡು 12:35ಕ್ಕೆ ಮಲಗಿದೆ. ಕಾಲು ಎರಡನ್ನೂ ಗೋಡೆಗೆ ಎತ್ತಿ ಇಟ್ಟು ಐದು ನಿಮಿಷ, ಪಾದದ ಊತ ಇಳಿಯಲಿ ಅಂತ. ಐದು ನಿಮಿಷವೂ ಆಗಿರಲಿಕ್ಕಿಲ್ಲ, ಕಾಲು ಗೋಡೆ ಮೇಲೇ ಇದ್ದಾಗ ನಿದ್ದೆ ಬಂದಿದೆ. ಹಾಸಿಗೆಯ ತಗ್ಗು, ಫ್ಯಾನಿನ ಕಟಕಟ, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಆ ಹಾಸಿಗೆಯಲ್ಲಿ ರಜೆಗೆ ಹೋಗಿ ಎರಡು ರಾತ್ರಿ ಮಲಗಿ ಅಂದರೆ ನಾನು ಜಗಳ ಆಡುತ್ತೇನೆ, ಅದು ಬೇರೆ.

ಮೂರು ಗಂಟೆ ಯಾಕೆ ಅಂದರೆ, ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಎರಡು ಸುತ್ತು ಮುಗಿಸಿ ಏಳುವುದು ಸುತ್ತಿನ ನಡುವೆ ಏಳುವುದಕ್ಕಿಂತ ವಾಸಿ. ಯಾವಾಗಲೂ ಕರಾರುವಾಕ್ಕಾಗಿ ಕೆಲಸ ಮಾಡುತ್ತದೆ ಅಂತ ಹೇಳಲಾರೆ, ಆದರೆ ಎರಡು ಗಂಟೆ ಮಲಗಿ ಎದ್ದ ಸಲ ನಾನು ಮನುಷ್ಯನಾಗಿರಲಿಲ್ಲ.

ಕೌಂಟರಿನವರಿಗೆ 3:35ಕ್ಕೆ ಬಾಗಿಲು ಬಡಿಯಿರಿ ಅಂದಿದ್ದೆ, ಸುಮ್ನೆ ಒಂದು ಮಾತಿಗೆ. ಪ್ಯಾರಿಸ್-ಬ್ರೆಸ್ಟ್ ಸವಾರಿಯ ಕಂಟ್ರೋಲ್‌ಗಳಲ್ಲಿ ಸಾಲಾಗಿ ಹಾಸಿಗೆ ಹಾಕಿರುತ್ತಾರೆ, ನೀವು ಸಮಯ ಹೇಳಿ ಮಲಗಿದರೆ ಸ್ವಯಂಸೇವಕರು ಬಂದು ಎಬ್ಬಿಸುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸವಾರಿ ಅದು, 2023 ಆಯಿತು, ಇನ್ನು 2027. ಅಲ್ಲಿ ಅದಕ್ಕೆ ಅಂತಲೇ ಜನ ಇರುತ್ತಾರೆ. ಇಲ್ಲಿ ಒಬ್ಬರೇ, ಅವರಿಗೂ ನಿದ್ದೆ. ಆದರೂ ನಮ್ಮ ಅಲಾರಂ ಹೊಡೆಯುವ ಮೊದಲೇ ಬಾಗಿಲ ಮೇಲೆ ಎರಡು ಸಲ ಟಕ್ ಟಕ್. ನೋಡಿದರೆ ನಮ್ಮ ಅಲಾರಂ ಹೊಡೆಯುತ್ತಲೇ ಇರಲಿಲ್ಲ. ಗೆಳೆಯನ ಫೋನ್ ಸತ್ತುಹೋಗಿತ್ತು, ನಾನು ನನ್ನದರಲ್ಲಿ ಅಲಾರಂ ಇಟ್ಟಿದ್ದು ಮಧ್ಯಾಹ್ನ 3:40ಕ್ಕೆ.

ಗೆಳೆಯನ ಫೋನ್ ಯಾಕೆ ಸತ್ತಿತ್ತು? ಇಲ್ಲಿಂದ ಬೈಗುಳ ಶುರು.

ನಾವು ಮಲಗಿದ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಗಿದೆ. ಫ್ಯಾನು, ಟ್ಯೂಬ್‌ಲೈಟ್ ಇನ್ವರ್ಟರಿಗೆ ಸೇರಿವೆ, ಹಾಗಾಗಿ ಫ್ಯಾನ್ ಕಟಕಟ ನಿಲ್ಲಲೇ ಇಲ್ಲ, ನಮಗೆ ಎಚ್ಚರವೂ ಆಗಲಿಲ್ಲ. ಪ್ಲಗ್ ಪಾಯಿಂಟ್ ಇನ್ವರ್ಟರಿಗೆ ಸೇರಿಲ್ಲ. ಎದ್ದು ನೋಡಿದರೆ ಹೆಡ್‌ಲೈಟ್ ಬಟನ್ ಸುತ್ತ ಕೆಂಪು, ಪವರ್ ಬ್ಯಾಂಕಿನಲ್ಲಿ ನಾಲ್ಕು ಚುಕ್ಕಿಯಲ್ಲಿ ಒಂದೇ ಚುಕ್ಕಿ, ನನ್ನ ಫೋನ್ 31. ಕೆಳಗೆ ಹೋಗಿ ಕೇಳಿದರೆ, "ಪ್ಲಗ್ಗಿಗೆ ಬರಲ್ಲ ಸರ್, ರಾತ್ರಿ ದಿನಾ ಹೋಗುತ್ತೆ, ಓನರಿಗೆ ಹೇಳಿ ಸಾಕಾಯ್ತು" ಅಂದರು. ಕರೆಂಟ್ ಹೋಗುವುದಕ್ಕೆ ನನ್ನ ದೂರಿಲ್ಲ, ಅದು ಅವರ ಕೈಲಿಲ್ಲ. ದಿನಾ ಹೋಗುತ್ತದೆ ಅಂತ ಗೊತ್ತಿದ್ದರೆ ರೂಮಿನಲ್ಲಿ ಒಂದು ಚೀಟಿ ಅಂಟಿಸಬಹುದಿತ್ತು. 'ರೂಮಿನಲ್ಲಿ ಬಟ್ಟೆ ಒಗೆಯಬಾರದು' ಅಂತ ಚೀಟಿ ಇದೆ, 'ಜೋರಾಗಿ ಮಾತಾಡಬಾರದು' ಅಂತ ಇದೆ, 'ಟವೆಲ್‌ನಿಂದ ಶೂ ಒರೆಸಬಾರದು' ಅಂತ ಕೂಡ ಇದೆ. ಇದೊಂದು ಇಲ್ಲ. ಒಂದು ಪ್ಲಗ್ ಪಾಯಿಂಟನ್ನು, ಒಂದೇ ಒಂದನ್ನು, ಇನ್ವರ್ಟರ್ ಲೈನಿಗೆ ಸೇರಿಸಲು ಎಷ್ಟು ವೈರ್ ಬೇಕು? ಫೋನ್ ಚಾರ್ಜ್ ಆಗಲು ಫ್ಯಾನಿಗಿಂತ ಕಡಿಮೆ ಕರೆಂಟ್ ಸಾಕು. ಇದು ಮಾಲೀಕರಿಗೆ.

ರಾತ್ರಿ ಸವಾರಿಗೆ ಲೈಟು, ಹೊಳೆಯುವ ಜಾಕೆಟ್ ಎರಡೂ ಕಡ್ಡಾಯ, ಲೈಟ್ ಇಲ್ಲದೆ ಹೊರಡುವ ಮಾತೇ ಇಲ್ಲ. ನಮ್ಮನ್ನು ಉಳಿಸಿದ್ದು ಗೆಳೆಯನ ಡೈನಮೊ. ಅವನ ಮುಂದಿನ ಚಕ್ರದ ಹಬ್ ಒಳಗೇ ಡೈನಮೊ ಇದೆ, 6 ವೋಲ್ಟ್, 3 ವ್ಯಾಟ್, ಚಕ್ರ ತಿರುಗಿದರೆ ಬೆಳಕು, ಚಾರ್ಜ್ ಅನ್ನುವ ಚಿಂತೆಯೇ ಇಲ್ಲ. ಭಾರ ಅಂತ ಎರಡು ವರ್ಷದಿಂದ ಅವನನ್ನು ಆಡಿಕೊಂಡಿದ್ದೇನೆ. ಆವತ್ತು ನನ್ನ ಲೈಟನ್ನು ಅತಿ ಸಣ್ಣ ಬೆಳಕಿಗೆ ಇಟ್ಟುಕೊಂಡು, ಬೆಳಕು ಹರಿಯುವವರೆಗೆ ಅವನ ಬೆಳಕಿನ ಅಂಚಿನಲ್ಲೇ ತುಳಿದೆ. ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿ ಇತ್ತು.

ಹೊರಡುವಾಗ ಇನ್ನೊಂದು ವಿಷಯ ನಡೆಯಿತು. ಬೆಳಗಿನ ಜಾವ 4ರ ಹೊತ್ತಿಗೆ ಮೈ ಬಿಸಿ ತುಂಬ ಕೆಳಗೆ ಇರುತ್ತದೆ, ಅದರ ಮೇಲೆ ಅರೆನಿದ್ದೆ, ಹೊರಗಿನ ಗಾಳಿ ಅಷ್ಟೇನೂ ತಣ್ಣಗಿಲ್ಲದಿದ್ದರೂ ಹಲ್ಲು ಕಟಕಟ ಅನ್ನುತ್ತದೆ. ಕೌಂಟರಿನವರು ನೋಡಿ, ಏನೂ ಹೇಳದೆ ಒಳಗೆ ಹೋಗಿ ಹಳೇ ಪೇಪರ್ ಇನ್ನೆರಡು ಹಾಳೆ ತಂದು, ಎದೆಗೆ ಇಟ್ಟುಕೊಳ್ಳಿ ಅಂದರು. ಜರ್ಸಿ ಒಳಗೆ ಪೇಪರ್ ತುರುಕಿಕೊಂಡು ಗಾಳಿ ತಡೆಯುವುದು ಹಳೇ ಕಾಲದ ಸೈಕಲ್ ರೇಸಿನವರ ಉಪಾಯ, ಬೆಟ್ಟ ಇಳಿಯುವ ಮೊದಲು ರಸ್ತೆ ಪಕ್ಕದವರ ಕೈಯಿಂದ ಪೇಪರ್ ಇಸಿದುಕೊಳ್ಳುತ್ತಿದ್ದರು. ಇವರಿಗೆ ಹೇಗೆ ಗೊತ್ತು ಅಂತ ಕೇಳಿದೆ. ಚಿಕ್ಕವನಿದ್ದಾಗ ಮನೆಮನೆಗೆ ಪೇಪರ್ ಹಾಕುತ್ತಿದ್ದೆ ಅಂದರು, ಸೈಕಲ್ಲಲ್ಲಿ.

ಬಾಟಲಿಗೆ ನೀರು ಅವರೇ ತುಂಬಿಸಿ ಕೌಂಟರ್ ಮೇಲೆ ಇಟ್ಟಿದ್ದರು. ಗೇಟ್ ಬೀಗ ತೆಗೆದಿತ್ತು. ಇದೂ ದೊಡ್ಡ ವಿಷಯ, ನಗಬೇಡಿ. ಒಂದು ಸಲ ಬೇರೆ ಕಡೆ 4ಕ್ಕೆ ಹೊರಡಬೇಕಾದರೆ ಗೇಟಿಗೆ ಬೀಗ, ಕೀ ಯಾರ ಹತ್ತಿರ ಇದೆಯೋ ಅವರು ಇನ್ನೆಲ್ಲೋ ನಿದ್ದೆಯಲ್ಲಿ, ಗೋಡೆ ಮೇಲಿಂದ ಸೈಕಲ್ ದಾಟಿಸಿದ್ದೇವೆ. ಹಾಗಾಗಿ ಈಗ ನಾನು ಫೋನ್ ಮಾಡಿದಾಗ ಎಸಿ ಇದೆಯಾ, ಟಿವಿ ಇದೆಯಾ ಅಂತ ಕೇಳುವುದೇ ಇಲ್ಲ. ಸೈಕಲ್ ರೂಮಿಗೆ ಬಿಡುತ್ತೀರಾ, ರಾತ್ರಿ 12ಕ್ಕೆ ಬಂದರೆ ಗೇಟ್ ತೆಗೆಯುವವರು ಇರುತ್ತಾರಾ, 4ಕ್ಕೆ ಹೊರಗೆ ಬಿಡುವವರು ಯಾರು, ದುಡ್ಡು ರಾತ್ರಿಯೇ ಕೊಟ್ಟುಬಿಡಬಹುದಾ ಅಂತ ಕೇಳುತ್ತೇನೆ. ಇನ್ನು ಮೇಲೆ ಇದಕ್ಕೆ ಒಂದು ಸೇರಿಸಿದ್ದೇನೆ: ಕರೆಂಟ್ ಹೋದರೆ ಪ್ಲಗ್ಗಿಗೆ ಬರುತ್ತಾ?

420ರ ಕಂಟ್ರೋಲ್ ಮುಚ್ಚುವುದು 9ಕ್ಕೆ, ನಾವು ತಲುಪಿದ್ದು 8:20ಕ್ಕೆ. ಅಲ್ಲಿ ಮೊದಲು ಹುಡುಕಿದ್ದು ತಿಂಡಿಯಲ್ಲ, ಪ್ಲಗ್ ಪಾಯಿಂಟ್. ಆಮೇಲಿನದು ಬಿಸಿಲು, ಎದುರುಗಾಳಿ, ಹೇಳುವಂಥದ್ದೇನಿಲ್ಲ. ರಾತ್ರಿ 8:05ಕ್ಕೆ ಮುಗಿಸಿದೆವು, 55 ನಿಮಿಷ ಬಾಕಿ ಇತ್ತು.

ಮನೆಗೆ ಬಂದು ಬ್ಯಾಗ್ ಬಿಚ್ಚಿದರೆ ಕೆಂಪು ಕಾಲುಚೀಲ ಒಂದೇ ಇದೆ. ಇನ್ನೊಂದು 204ರ ಕಿಟಕಿ ಸರಳಿನ ಮೇಲೆ ಒಣಗಲು ಹಾಕಿದ್ದು ಅಲ್ಲೇ ಉಳಿದಿದೆ. ರಾತ್ರಿ ಹನ್ನೊಂದರ ಮೇಲೆ ಫೋನ್ ಮಾಡಿದೆ, ಅವರ ಪಾಳಿ ಅಂತ ಗೊತ್ತಿತ್ತು. ಯಾರು ಅಂತ ಹೇಳುವ ಮೊದಲೇ ಗುರುತು ಹಿಡಿದರು.

"ಇಟ್ಟಿದ್ದೀನಿ ಸರ್, ಒಗೆದು. ಮುಂದಿನ ಸಲ ಅಲ್ಲಿಂದ ಅಲ್ಲಿಗೆ ಹೋಗುವಾಗ ತಗೊಂಡು ಹೋಗಿ."